ಹೊರಗಿನ ಬೀಗ

ನನ್ನ ಗಂಡ ದಯಾನಂದರನ್ನು ನೋಡಿದವರೆಲ್ಲ ಹೇಳುವುದು ಒಂದೇ ಮಾತು: "ನೋಡಿದರೆ ಹಾಗೆ ಕಾಣುವುದೇ ಇಲ್ಲ." ಕಾಣುವುದಾದರೂ ಹೇಗೆ? ಪ್ರತಿ ಆದಿತ್ಯವಾರ ಇವರ ಅಣ್ಣ, ನಮ್ಮ ಬೂಬ ಬಾವ, ಕಳಂಬೋಲಿಯಿಂದ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಬಂದು ತಮ್ಮನನ್ನು ಬಾಲ್ಕನಿಯಲ್ಲಿ ಕೂರಿಸಿ ಗಡ್ಡ ತೆಗೆಯುತ್ತಾರೆ. ಬ್ಲೇಡು ಹಿಡಿದ ಬೇರೆ ಯಾವ ಕೈಯನ್ನೂ ಇವರು ಹತ್ತಿರ ಬಿಡುವುದಿಲ್ಲ. ಅಂಗಿಗೆ ಇಸ್ತ್ರಿ ಹಾಕುವವಳು ನಾನು. ಬಟ್ಟಲಿನ ಮೊದಲ ತುತ್ತು ತಿಂದು ತೋರಿಸುವವಳೂ ನಾನೇ, ಇಲ್ಲದಿದ್ದರೆ ಅದರಲ್ಲಿ ವಿಷ ಬೆರೆಸಿದ್ದೇವೆ ಎಂದು ಇವರು ಉಪವಾಸ ಇರುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೆ ಮನುಷ್ಯ ಚೆಂದ ಕಾಣದೆ ಇನ್ನೇನು ಕಾಣಬೇಕು!

ಸೈನ್ಯದಲ್ಲಿದ್ದಾಗಲೇ ಇವರಿಗೆ ಯಾರೂ ಆಡದ ಮಾತುಗಳು ಕೇಳಲು ಶುರುವಾಗಿದ್ದವು. ಸ್ಕಿಜೋಫ್ರೇನಿಯಾ ಎಂದು ಬರೆದು ಮನೆಗೆ ಕಳಿಸಿದರು. ಪಿಂಚಣಿ ಬರುತ್ತದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಪಿಂಚಣಿ ಬಂದು ಮನೆಯಲ್ಲಿ ಕೂತು ಇವರನ್ನು ನೋಡಿಕೊಳ್ಳುವುದಿಲ್ಲವಲ್ಲ. ನಾನು ಥಾಣೆಯ ಕೋಪರಿಯ ಹೋಟೆಲೊಂದರ ಅಡುಗೆಮನೆಗೆ ಕೆಲಸಕ್ಕೆ ಹೋಗುವಾಗ ಇವರನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದೆ. ಒಮ್ಮೆ ಹಾಕದೆ ಹೋದಾಗ ಐದು ಸ್ಟೇಷನ್ ಆಚೆ ಟಿಟ್ವಾಳಾದಲ್ಲಿ ಸಿಕ್ಕಿದ್ದರು, ಬರಿಗಾಲಿನಲ್ಲಿ.

2011ರ ಮಳೆಗಾಲದಲ್ಲಿ ನಮ್ಮ ಬಿಲ್ಡಿಂಗಿನ ಮೀಟರ್ ಬಾಕ್ಸಿನಿಂದ ಹೊಗೆ ಎದ್ದಿತು. ಜನರೆಲ್ಲ ಕೆಳಗೆ ಓಡಿದರು. ಎದುರುಮನೆಯ ವನಮಾಲಾ ಫೋನ್ ಮಾಡಿದಾಗ ನಾನು ಚಟ್ನಿ ರುಬ್ಬುತ್ತಿದ್ದೆ. ಥಾಣೆಯಿಂದ ಡೊಂಬಿವಲಿಯವರೆಗೆ ಲೋಕಲ್‌ನಲ್ಲಿ ಸೊಂಟಕ್ಕೆ ಸಿಕ್ಕಿಸಿದ ಕೀಲಿಯನ್ನು ಹಿಡಿದುಕೊಂಡೇ ನಿಂತಿದ್ದೆ. ನನ್ನ ಜೀವ ನನ್ನಲ್ಲಿರಲಿಲ್ಲ. ನಾನು ತಲುಪುವಷ್ಟರಲ್ಲಿ ಹೊಗೆ ಅಡಗಿತ್ತು. ಬಾಗಿಲು ತೆಗೆದರೆ, ಇವರು ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಬಾಗಿಲ ಹಿಂದೆಯೇ ನೆಟ್ಟಗೆ ನಿಂತಿದ್ದಾರೆ.

"ಕೂಗ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ಸಂತ್ರಿ ಇಲ್ಲದೆ ಪೋಸ್ಟ್ ಬಿಡ್ಲಿಕ್ಕಿಲ್ಲ," ಎಂದರು.

ಪೋಸ್ಟ್ ಎಂದರೆ ನಮ್ಮ ಒಂದು ಕೋಣೆಯ ಫ್ಲ್ಯಾಟು. ಸಂತ್ರಿ, ಅಂದರೆ ಕಾವಲಿನವಳು, ನಾನು.

ಆ ವಾರವೇ ಮಾಜಿ ಸೈನಿಕರ ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತ ಹೃಷೀಕೇಶ ಒಳ್ಳೆಯವನು. ಸದಾ ಜೊತೆಗೊಬ್ಬರು ಬೇಕಾದ ಕಾಯಿಲೆಯವರಿಗೆ ಪಿಂಚಣಿಯ ಮೇಲೆ ಇನ್ನೊಂದು ಭತ್ಯೆ ಇದೆ, ಮಿಲಿಟರಿ ಆಸ್ಪತ್ರೆಯ ಡಾಕ್ಟರುಗಳ ಬೋರ್ಡು ನೋಡಿ ಒಪ್ಪಬೇಕು ಎಂದ. ಅದು ಬಂದರೆ ಹಗಲು ಇವರ ಜೊತೆಗೆ ಒಬ್ಬ ಆಳನ್ನು ಇಡಬಹುದು. ಬೀಗದ ಗೊಡವೆ ಇರುವುದಿಲ್ಲ. ನನಗೆ ಬೇಕಾದದ್ದು ಅಷ್ಟೇ.

ಬೋರ್ಡಿನ ದಿನ ಇವರನ್ನು ಮದುವೆ ದಿಬ್ಬಣಕ್ಕೆ ಹೊರಡಿಸಿದಂತೆ ಹೊರಡಿಸಿದೆವು. ಬಾವ ಹಿಂದಿನ ದಿನವೇ ಬಂದು ನುಣ್ಣಗೆ ಗಡ್ಡ ತೆಗೆದರು. ನಾನು ಬೂಟಿಗೆ ಪಾಲಿಶ್ ಹಾಕಿದೆ. ಡಾಕ್ಟರು ನನ್ನನ್ನು, "ಮನೆಯಲ್ಲಿ ಹೇಗಿದ್ದಾರೆ?" ಎಂದು ಕೇಳಿದರು. ನಮ್ಮ ಕಡೆಯ ಹೆಂಗಸು ನಾಲ್ಕು ಜನರ ಎದುರು, ಅದೂ ಗಂಡ ಪಕ್ಕದಲ್ಲೇ ಕೂತಿರುವಾಗ, ಇನ್ನೇನು ಹೇಳುತ್ತಾಳೆ? "ಉಷಾರಿದ್ದಾರೆ ಸರ್, ಏನೂ ತೊಂದರೆ ಇಲ್ಲ," ಎಂದೆ. ಹಿಂದೆ ನಿಂತಿದ್ದ ಬಾವನೂ ಹೌದೆಂದು ತಲೆಯಾಡಿಸಿದರು. ಮನೆಯ ಮರ್ಯಾದೆಯನ್ನು ಇಬ್ಬರೂ ಸೇರಿ ಚೆನ್ನಾಗಿಯೇ ಕಾಪಾಡಿದೆವು. ಜೊತೆಗೆ ಯಾರೂ ಬೇಕಾಗಿಲ್ಲ ಎಂದು ಉತ್ತರ ಬಂತು.

ಯಜಮಾನರನ್ನು ಹೀರೋ ಮಾಡಿ ಯಾಕೆ ಕರೆದುಕೊಂಡು ಹೋದದ್ದು ಎಂದು ಹೃಷೀಕೇಶ ಹಣೆ ಚಚ್ಚಿಕೊಂಡ. "ಅಹೋ ವಹಿನಿ, ಸಾಬ್ ಕೋ ಹೀರೋ ಬನಾಕೆ ಕಾಯ್‌ಕೋ ಲೇಕೆ ಗಯಾ?" ಮೇಲ್ಮನವಿ ಬರೆದುಕೊಟ್ಟು, ಈ ಸಲ ಸ್ನಾನ ಮಾಡಿಸಬೇಡಿ, ಗಡ್ಡ ತೆಗೆಯಬೇಡಿ, ಹಾಗೇ ಕರೆದುಕೊಂಡು ಹೋಗಿ ಎಂದ.

ಎರಡು ಆದಿತ್ಯವಾರ ಬಾವನನ್ನು ತಡೆದೆ. ಮೂರನೆಯದಕ್ಕೆ ಸೋಪಿನ ಬಟ್ಟಲು ಹಿಡಿದು ಎದುರು ನಿಂತೇಬಿಟ್ಟರು.

"ನನ್ನ ತಮ್ಮ ಹುಚ್ಚನ ಹಾಗೆ ಹೋಗ್ಬೇಕಾ ವಿಮಲಾ?"

"ಹುಚ್ಚಲ್ಲದಿದ್ರೆ ಬೀಗ ಯಾಕೆ ಬಾವ?"

ಆ ಶಬ್ದ ನಮ್ಮ ಮನೆಯೊಳಗೆ ಅದುವರೆಗೆ ಬಂದಿರಲಿಲ್ಲ. ಬಾವ ಬಟ್ಟಲನ್ನು ಕೆಳಗಿಟ್ಟರು. ಮೂಲೆಯಲ್ಲಿ ಕೂತಿದ್ದ ಇವರು ತಮ್ಮ ಗಲ್ಲವನ್ನು ಮುಟ್ಟಿ ನೋಡಿಕೊಂಡು ನಿಧಾನವಾಗಿ ಎದ್ದುಬಂದು ಬಾಲ್ಕನಿಯ ಸ್ಟೂಲಿನ ಮೇಲೆ ಕೂತರು.

"ಅಣ್ಣ, ಸಾಹೇಬ್ರ ಎದುರು ಗಡ್ಡ ನಡಿಯುದಿಲ್ಲ."

ನನಗೆ ಸೋತುಹೋದಂತಾಯಿತು. "ತೆಗೀರಿ ಬಾವ," ಎಂದೆ. "ಇವರು ಚೆಂದವೇ ಬರಲಿ. ಬಾಯಿ ಬಿಡಬೇಕಾದವಳು ನಾನು."

ಎರಡನೇ ಬೋರ್ಡಿನಲ್ಲಿ ಒಬ್ಬರು ಲೇಡಿ ಡಾಕ್ಟರ್ ಇದ್ದರು. ಇವರ ಮುಖ ನೋಡಿ, "ಗಡ್ಡ ಯಾರು ತೆಗೆದದ್ದು?" ಎಂದು ಕೇಳಿದರು. ಅಲ್ಲಿಂದ ಶುರುಮಾಡಿದೆ, ನನ್ನ ಅಡುಗೆಮನೆಯ ಹಿಂದಿಯಲ್ಲಿ. ಬ್ಲೇಡಿನ ಹೆದರಿಕೆ, ವಿಷದ ತುತ್ತು, ಗೋಡೆಯ ಜೊತೆಗಿನ ಜಗಳ, ಹಾಸಿಗೆ ಒದ್ದೆಯಾಗುವುದು, ಟಿಟ್ವಾಳಾ. ಇವರು ಪಕ್ಕದಲ್ಲೇ ಕೂತು ಬೂಟು ನೋಡುತ್ತಿದ್ದರು. ನಾನೇ ಇಸ್ತ್ರಿ ಹಾಕಿ ತೊಡಿಸಿದ ಅಂಗಿಯನ್ನು ನಾನೇ ಎಲ್ಲರೆದುರು ಬಿಚ್ಚುತ್ತಿದ್ದೇನೆ ಅನ್ನಿಸಿತು. ನಾಚಿಕೆಯಾಯಿತು, ಆದರೂ ನಿಲ್ಲಿಸಲಿಲ್ಲ.

"ನೀವು ಕೆಲಸಕ್ಕೆ ಹೋದಾಗ?" ಎಂದರು ಡಾಕ್ಟರ್.

ಅಲ್ಲಿ ಮಾತು ನಿಂತುಹೋಯಿತು. ದನವನ್ನಾದರೂ ಹೀಗೆ ಕಟ್ಟಿಹಾಕಿ ಹೋಗುತ್ತಾರೆಯೇ ಎಂದು ಕೇಳಿಬಿಟ್ಟರೆ? ಸೊಂಟದ ಕೀಲಿಯನ್ನು ತೆಗೆದು ಮೇಜಿನ ಮೇಲಿಟ್ಟೆ.

ಇವರು ಎದ್ದು ನಿಂತರು. ಹಿಮ್ಮಡಿ ಕೂಡಿಸಿ, ಎದೆ ಸೆಟೆಸಿ, ಹಿಂದಿಯಲ್ಲಿ ಹೇಳಿದರು: "ಮೇಡಂ ಸಾಬ್, ನಮ್ಮ ಸಂತ್ರಿಗೆ ಬದಲಿ ಬಂದೇ ಇಲ್ಲ. ಇವಳು ನಿದ್ದೆ ಮಾಡಿಲ್ಲ. ಬದಲಿ ಕಳಿಸಿ."

ಜೊತೆಗೆ ಬಂದಿದ್ದ ಬಾವ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಡಾಕ್ಟರ್ ಕೀಲಿಯನ್ನು ನನ್ನ ಕಡೆ ಸರಿಸಿ, ಇವರಿಗೆ ಕುರ್ಚಿ ತೋರಿಸಿ, ಕೂತುಕೊಳ್ಳಿ ಎಂಬಂತೆ, "ಬೈಠಿಯೇ ಹವಲ್ದಾರ್ ಸಾಬ್" ಎಂದರು.

ಭತ್ಯೆ ಮಂಜೂರಾಗಿ ಬರುವಾಗ ಮತ್ತೊಂದು ಮಳೆಗಾಲ ಬಂದಿತ್ತು. ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ವಾರ್ಡ್‌ಬಾಯ್ ಆಗಿದ್ದ ಶಂಕ್ರೆಪ್ಪ ಕೆಲಸಕ್ಕೆ ಸಿಕ್ಕಿದ. ಕಲಬುರ್ಗಿ ಕಡೆಯವನು, ವಯಸ್ಸಾದವನು, ಶಾಂತ ಸ್ವಭಾವ. ಮೊದಲ ದಿನ ಅವನಿಗೆ ಮಾತ್ರೆ ತೋರಿಸಿ, ಮೊದಲ ತುತ್ತಿನ ಸಂಗತಿ ಹೇಳಿ, ಚಪ್ಪಲಿ ಮೆಟ್ಟಿ ಹೊರಟೆ. ಒಂದು ಮಾಳಿಗೆ ಇಳಿದಿರಲಿಲ್ಲ, ಮೇಲಿನಿಂದ ಬಾಗಿಲು ಬಡಿಯುವ ಸದ್ದು.

"ಯಕ್ಕಾರ! ನನ್ನನ್ನೂ ಯಾಕ ಕೂಡಿ ಹಾಕೀರಿ?"

ನನ್ನ ಕೈ ತನ್ನಷ್ಟಕ್ಕೆ ಬೀಗ ಹಾಕಿ ಬಂದಿತ್ತು. ಓಡಿ ಮೇಲೆ ಹತ್ತಿದೆ. ಒಳಗಿನಿಂದ ಇವರ ದನಿ ಕೇಳಿಸಿತು, ಸೈನ್ಯಕ್ಕೆ ಹೊಸದಾಗಿ ಸೇರಿದ ರಂಗರೂಟನಿಗೆ ಬುದ್ಧಿ ಹೇಳುವ ದನಿ: "ಕೂಗ್ಬೇಡ ಮಾರಾಯ. ಅವಳು ಬರ್ತಾಳೆ. ಯಾವಾಗ್ಲೂ ಬಂದಿದ್ದಾಳೆ."

ಬಾಗಿಲಿಗೆ ತಲೆ ಆನಿಸಿ ನಿಂತು ಅತ್ತುಬಿಟ್ಟೆ. ಆಮೇಲೆ ಬೀಗ ತೆಗೆದು, ಕೀಲಿಯ ಸಮೇತ ಇವರ ಕೈಗೆ ಕೊಟ್ಟು ಕೆಲಸಕ್ಕೆ ಹೋದೆ.