ಕೊನೆಯ ಗುಂಡಿ

ನನ್ನ ಫೋನನ್ನು ತಮ್ಮ ಸರಿಮಾಡಿಕೊಟ್ಟಿದ್ದ. ಅವನು ಮೊಬೈಲ್ ರಿಪೇರಿಯವನು. ಹೊಸ ನಂಬರು, ಹೊಸ ಹೆಸರು. ಮುಖದ ಜಾಗದಲ್ಲಿ ಬಿಳಿ ಗೋಡೆಯ ಚಿತ್ರ. ಲೊಕೇಶನ್ ಬಂದ್. ಪಾಸ್‌ವರ್ಡು ನನಗೇ ನೆನಪಿರದಷ್ಟು ಉದ್ದ.

"ಈಗ ನೀನು ಗಾಳಿ ಇದ್ದ ಹಾಗೆ ಅಕ್ಕ," ಅಂದಿದ್ದ. "ಭಾವ ತಲೆಕೆಳಗಾಗಿ ನಿಂತ್ರೂ ಸಿಗಲ್ಲ."

ಭಾವ ಅಂದರೆ ನನ್ನ ಗಂಡ, ದರ್ಜಿ. ನನಗೆ ಹೊಲಿಗೆ ಕಲಿಸಿದವನೂ ಅವನೇ, ನನ್ನ ಎಡಗೈ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟವನೂ ಅವನೇ. ಆ ಸುಟ್ಟ ಗುರುತಿನ ಮೇಲೆ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ಆಗಾಗ ಚುಚ್ಚಿ ನೋಡುತ್ತೇನೆ.

ಮನೆ ಬಿಟ್ಟು ಈ ಊರಿಗೆ ಬಂದು ಒಂದು ಹೊಲಿಗೆ ಅಂಗಡಿ ಸೇರಿದೆ. ಮುಂದೆ ಕೌಂಟರು, ನಡುವೆ ಪರದೆ, ಹಿಂದೆ ಕಿಟಕಿಯಿಲ್ಲದ ಕೋಣೆಯಲ್ಲಿ ನಾನು ಮತ್ತು ಹಬೆ ಮಾವ. ಇಸ್ತ್ರಿ ಮಾಡುವ ಮುದುಕನಿಗೆ ಆ ಹೆಸರು. ಹಬೆಯೊಳಗಿಂದ ಅವನ ಮಾತು ಮೊದಲು ಬರುತ್ತದೆ, ಮುಖ ಆಮೇಲೆ.

ಅಂಗಡಿಗೊಂದು ಪೇಜ್ ಇದೆ. ಮುಗಿದ ಬಟ್ಟೆಗಳ ಫೋಟೋವನ್ನು ಯಜಮಾನಿ ಅದರಲ್ಲಿ ಹಾಕುತ್ತಾಳೆ. ನನ್ನ ಮುಖ ಬರಬಾರದು, ಕೈಯೂ ಬರಬಾರದು ಎಂದು ಮೊದಲ ದಿನವೇ ಕೇಳಿಕೊಂಡಿದ್ದೆ.

"ನಿನ್ನ ಮುಖ ನೋಡಿ ಗಿರಾಕಿ ಓಡೋಡಿ ಬರ್ತಾರೆ ಅಂದ್ಕೊಂಡ್ಯಾ?" ಎಂದು ನಕ್ಕಿದ್ದಳು. ಆದರೆ ಮಾತು ಉಳಿಸಿಕೊಂಡಳು.

ಮೊನ್ನೆ ಪರದೆ ಸರಿಸಿ ಫೋನು ತೋರಿಸಿದಳು. "ನೋಡೇ, ನಿನ್ನ ಕೆಲಸ ಮೆಚ್ಚಿದೋರು ಒಬ್ರು ಸಿಕ್ಕಿದಾರೆ."

ಬೂದು ಕೋಟಿನ ಫೋಟೋ. ಅದರ ಕೆಳಗೆ ಮುಖವಿಲ್ಲದ ಖಾತೆಯೊಂದು ಬರೆದಿತ್ತು: ಕೆಳಗಿನ ಗುಂಡಿ ಚೆನ್ನಾಗಿದೆ. ಅಂಗಡಿ ಎಷ್ಟು ಹೊತ್ತಿಗೆ ಮುಚ್ತೀರಿ?

ಯಜಮಾನಿ ಉತ್ತರ ಕೊಟ್ಟಾಗಿತ್ತು: ಸಂಜೆ ಏಳಕ್ಕೆ ಸರ್, ಖಂಡಿತ ಬನ್ನಿ. ಪಕ್ಕದಲ್ಲಿ ಕೈಮುಗಿದ ಚಿತ್ರ.

ಫೋಟೋ ದೊಡ್ಡದು ಮಾಡಿದೆ. ಮೇಲಿನ ಗುಂಡಿಗಳಿಗೆಲ್ಲ ಬೂದು ದಾರ. ಕೊನೆಯದಕ್ಕೆ ಹಳದಿ.

ಅದು ಗಂಡನ ಅಂಗಡಿಯ ಪದ್ಧತಿ. ಅಲ್ಲಿ ಪ್ರತಿಯೊಬ್ಬರೂ ಕೊನೆಯ ಗುಂಡಿಯನ್ನು ತಮ್ಮದೇ ಬಣ್ಣದ ದಾರದಲ್ಲಿ ಹಾಕಬೇಕು. ಬಟ್ಟೆ ವಾಪಸ್ ಬಂದರೆ ಯಾರ ಕಿವಿ ಹಿಂಡಬೇಕೆಂದು ಗೊತ್ತಾಗಲಿ ಎಂದು. ನನ್ನದು ಹಳದಿ. ಇಲ್ಲಿ ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಮಾಡುತ್ತಿದ್ದೇನೆಂದು ನನಗೂ ಗೊತ್ತಿರಲಿಲ್ಲ.

ಯಜಮಾನಿಗೆ ಎಲ್ಲ ಹೇಳಿದೆ. ಬೇರೆ ಯಾರದೋ ವಿಷಯ ಹೇಳಿದಂತೆ ಹೇಳಿದೆ. ತೋಳು ಮೇಲೇರಿಸಿ ಗುರುತು ತೋರಿಸಿದೆ. ಹಬೆ ಮಾವ ಅದನ್ನು ನೋಡಿ ತನ್ನ ಕೈಲಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟ.

ತಮ್ಮನಿಗೆ ಫೋನು ಮಾಡಿದೆ.

"ಆ ಫೋಟೋನ ಪೇಜಿಂದ ತೆಗೆಸು. ಅವನನ್ನ ಬ್ಲಾಕ್ ಮಾಡ್ಸು," ಅಂದ. "ದಾರದ್ದು ನನಗೆ ಹೊಳೀಲೇ ಇಲ್ಲ ಅಕ್ಕ."

"ತೆಗೆಯೋದು ಬೇಡ," ಯಜಮಾನಿ ಅಂದಳು. "ತೆಗೆದ್ರೆ ಇಲ್ಲೇ ಇದಾಳೆ ಅಂತ ನಾವೇ ಕೂಗಿ ಹೇಳಿದ ಹಾಗೆ." ಹಳದಿ ದಾರದ ರೀಲು ಎತ್ತಿಕೊಂಡಳು. "ಕನ್ನಡಕ ಎಲ್ಲಿಟ್ಟೆ ನಾನು?"

ಯಜಮಾನಿಗೆ ಅಳತೆ ಬರುತ್ತದೆ, ಕತ್ತರಿ ಬರುತ್ತದೆ, ಸೂಜಿ ಅಷ್ಟಕ್ಕಷ್ಟೆ. ಆ ಮಧ್ಯಾಹ್ನ ಅಂಗಡಿಯಲ್ಲಿದ್ದ ಒಂದೊಂದು ಬಟ್ಟೆಯ ಕೊನೆಯ ಗುಂಡಿಯನ್ನೂ ಹಬೆ ಮಾವ ಕಿತ್ತುಕೊಟ್ಟ, ಅವಳು ಹಳದಿಯಲ್ಲಿ ಮತ್ತೆ ಹಾಕಿದಳು. ನಾನು ಕೈ ಚಾಚಿದರೆ ಹೊಡೆದಳು. "ನೀನು ಮುಟ್ಟಬೇಡ. ನಿನ್ನ ಕೈ ಚಾಡಿಕೋರ."

ಶನಿವಾರ ಅವನು ಬಂದ. ಪರದೆಯ ಆಚೆಯಿಂದ ಮೊದಲು ಕೆಮ್ಮು ಕೇಳಿಸಿತು. ನಾನು ಮೆಷಿನ್ನಿನ ಮೇಲಿಂದ ಕಾಲು ತೆಗೆದೆ. ಹೆದರಿಕೆ ಬರುತ್ತದೆಂದು ಕಾದೆ. ಬರಲಿಲ್ಲ.

"ಈ ಗುಂಡಿ ಹಾಕಿದ್ದು ಯಾರು?"

"ನಾನೇ. ಕೊನೇದಕ್ಕೆ ಹಳದಿ, ನಮ್ಮ ಅಂಗಡಿ ಗುರುತು. ಅಲ್ಲಿ ತೂಗುಹಾಕಿರೋದೆಲ್ಲ ನೋಡಿ ಬೇಕಾದ್ರೆ."

ಹ್ಯಾಂಗರುಗಳು ಒಂದೊಂದಾಗಿ ಸರಿದ ಸದ್ದು. ಅವನು ನಿಧಾನವಾಗಿ ನೋಡುತ್ತಾನೆ, ನನಗೆ ಗೊತ್ತು.

"ಹೊಲಿಗೆ ಸೊಟ್ಟ. ಫೋಟೋದಲ್ಲಿ ಚೆನ್ನಾಗಿತ್ತು."

"ಫೋಟೋದಲ್ಲಿ ನಾನೂ ಚೆನ್ನಾಗಿರ್ತೀನಿ."

ಹಬೆ ಮಾವ ಪರದೆಯ ಬಳಿ ನಿಂತು ಸುಮ್ಮಸುಮ್ಮನೆ ಹಬೆ ಬಿಡುತ್ತಿದ್ದ.

"ಏನಾದ್ರೂ ಹೊಲಿಸೋದಿದೆಯಾ?" ಯಜಮಾನಿ ಕೇಳಿದಳು. "ಹೆಸರು, ನಂಬರ್ ಹೇಳಿ, ಬರ್ಕೋತೀನಿ."

"ನಂಬರ್ ಯಾಕೆ?" ಅವನ ಸ್ವರ ಬಿಗಿಯಾಯಿತು. "ಸಿಕ್ಕ ಸಿಕ್ಕೋರಿಗೆಲ್ಲ ಕೊಡಲ್ಲ ನಾನು. ಯಾರ್ಯಾರ ಕೈಗೋ ಹೋಗುತ್ತೆ."

"ನಿಜ ಸ್ವಾಮಿ," ಹಬೆ ಮಾವ ಅಂದ. "ಜೋಪಾನವಾಗಿರ್ಬೇಕು."

ಚಪ್ಪಲಿ ಸದ್ದು ಮೆಟ್ಟಿಲಿಳಿದು ರಸ್ತೆಯ ಸದ್ದಿನಲ್ಲಿ ಸೇರಿಹೋಯಿತು.

ಯಜಮಾನಿ ಒಳಗೆ ಬಂದು ಸ್ಟೂಲಿನ ಮೇಲೆ ಕುಸಿದಳು. ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಕೆಂಪಾಗಿದ್ದವು. "ಹೋದ," ಅಂದಳು. "ಆದ್ರೆ ಅಂಗಡಿ ಗುರುತು ಅಂತ ಬಾಯಿ ಬಿಟ್ಟಾಯ್ತಲ್ಲ, ಇನ್ಮೇಲೆ ಎಲ್ಲಾ ಬಟ್ಟೆ ಕೊನೇ ಗುಂಡೀನೂ ನನ್ನ ತಲೆಮೇಲೇ. ಅವನು ಮತ್ತೆ ಯಾವತ್ತಾದ್ರೂ ನೋಡಿದ್ರೆ?"

ನಾನು ತಲೆಯಾಡಿಸಿದೆ. ಮುಂದಿನ ಅಂಗಿ ಎಳೆದುಕೊಂಡು ಬಿಳಿ ದಾರ ಪೋಣಿಸಿದೆ. ಕೊನೆಯ ಗುಂಡಿಗೆ ಬಂದಾಗ ಕೈ ತಾನಾಗಿ ರೀಲಿನ ಕಡೆ ಹೋಯಿತು. ರೀಲು ಯಜಮಾನಿಯ ಮಡಿಲಲ್ಲಿತ್ತು.

ಈಗ ನಾನು ಹೊಲಿದ ಬಟ್ಟೆಗಳು ಒಂದು ಗುಂಡಿ ಕಡಿಮೆಯಾಗಿಯೇ ನನ್ನ ಕೈ ಬಿಡುತ್ತವೆ. ಪರದೆಯಾಚೆ ಯಜಮಾನಿ ಅದನ್ನು ಸೊಟ್ಟಗೆ ಹಾಕುತ್ತಾಳೆ, ಬೈದುಕೊಳ್ಳುತ್ತಾಳೆ, ಫೋಟೋ ತೆಗೆಯುತ್ತಾಳೆ.