ಎಣ್ಣೆ ಹೊಡೆಯುವ ಕೈ

"ಲೇ ಹಂಪ್ಯಾ, ಸೂಳಿಮಗನ, ಗನ್ನು ಹಿಡ್ದೀಯೋ ಊದಿನಕಡ್ಡಿ ಹಿಡ್ದೀಯೋ? ಎತ್ತಲೇ ಮ್ಯಾಲ! ಹೂವಿಗೆಲ್ಲ ನುಸಿ ಹತ್ತೈತಿ, ಇವ ನಿಂತು ಕೆಮ್ಮತಾನ!"

ಬದುವಿನ ಮೇಲೆ ನಿಂತು ಬೈಯುತ್ತಿದ್ದವನು ದಾಳಿಂಬೆ ತೋಟದ ಸಾವ್ಕಾರ ಸೋಮಶೇಖರಪ್ಪ. ಬೈಸಿಕೊಂಡವನು ಎಣ್ಣೆ ಸಿಂಪಡಿಸುವ ಗನ್ನು ಹಿಡಿದಿದ್ದ ಹಂಪೇಶ. ಅವನ ಬೆನ್ನ ಹಿಂದೆ ಪೈಪು ಎಳೆಯುತ್ತಿದ್ದವಳು ಅವನವ್ವ ಅನ್ನದಾನಮ್ಮ. ಎಣ್ಣೆಯೆಂದರೆ ಇಲ್ಲಿ ಒಗ್ಗರಣೆಯದಲ್ಲ, ಹುಳ ಸಾಯಿಸುವುದು. ಡ್ರಮ್ಮಿನಲ್ಲಿ ಅದನ್ನು ಕಲಸಲು ಅವಳು ಕೋಲು ಹುಡುಕಿದವಳೇ ಅಲ್ಲ, ಮೊಣಕೈವರೆಗೆ ಕೈಯನ್ನೇ ಇಳಿಸುತ್ತಿದ್ದಳು. ಅವಳ ಗಂಡ ಬೆನಕಪ್ಪನೂ ಇದೇ ತೋಟದಲ್ಲಿ ಗನ್ನು ಹಿಡಿದವನು. ರಕ್ತದ ಕ್ಯಾನ್ಸರ್ ಹತ್ತಿ, ಒಣಗಿ ಒಣಗಿ ಹೋದ.

ಇವತ್ತು ಅವಳ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಎಣ್ಣೆ ಹೊಡೆಯುವವರ ರಕ್ತ ಪರೀಕ್ಷೆಗೆ ಒಯ್ದಿದ್ದ ಡಾಕ್ಟರು ಗೀತಾಂಜಲಿ ನಿನ್ನೆ ತಾಯಿ ಮಗನನ್ನು ಕೂಡ್ಲಿಗಿಗೆ ಕರೆಸಿದ್ದರು.

"ರಕ್ತದ ಕಣದೊಳಗೆ ದಾರದಂಥವು ಇರ್ತಾವೆ ಅಮ್ಮ, ವರ್ಣತಂತು ಅಂತೀವಿ. ಎಣ್ಣೆ ಮುಟ್ಟದೇ ಇರೋರಿಗಿಂತ ನಿಮ್ಮ ಮಗನಲ್ಲಿ ಜಾಸ್ತಿ ಮುರಿದಿವೆ."

"ಹೊಲಿಯಾಕ ಬರಂಗಿಲ್ಲೇನ್ರಿ ಡಾಕ್ಟ್ರಮ್ಮ?"

"ಮೈ ತಾನೇ ಒಂದಿಷ್ಟು ಹೊಲ್ಕೊಳುತ್ತೆ. ದಿನಾ ಹರೀತಾ ಇದ್ರೆ ಎಷ್ಟಂತ ಹೊಲ್ಕೊಳುತ್ತೆ? ಈಗ ಇವರಿಗೆ ಕ್ಯಾನ್ಸರ್ ಇಲ್ಲ. ಬಂದೇ ಬರುತ್ತೆ ಅಂತಾನೂ ನಾನು ಹೇಳಲ್ಲ. ಬರೋ ಅಪಾಯ ಮಾತ್ರ ಜಾಸ್ತಿ. ಈ ಕೆಲಸ ಬಿಡಿಸಿ."

"ಬಿಟ್ರ ನೀವು ಕಂಪೌಂಡರ್ ಮಾಡ್ಕಂತೀರೇನ್ರಿ?" ಎಂದು ಹಂಪೇಶ ನಕ್ಕ. ಡಾಕ್ಟರು ನಗಲಿಲ್ಲ.

"ಎಣ್ಣೆ ಹೊಡೆದ ಮೇಲೆ ಕೈ ಸೋಪು ಹಾಕಿ ತೊಳೀತೀರಾ?"

"ಬೆಲ್ಲ ತಿಂತೀವ್ರಿ," ಎಂದಳು ಅನ್ನದಾನಮ್ಮ. "ಸಾವ್ಕಾರ್ರು ಕೊಡ್ತಾರ. ಎಣ್ಣಿ ಕಾವು ಇಳೀತೈತಂತ ನಾನಾ ಕೈಲೆ ಮುರ್ದು ಇವನ ಬಾಯಿಗೆ ಇಡ್ತೀನ್ರಿ."

ಡಾಕ್ಟರು ಅವಳ ಕೈಯನ್ನೇ ನೋಡುತ್ತ ಕೂತುಬಿಟ್ಟರು. ಬಸ್ಸಿನಲ್ಲಿ ಊರು ಮುಟ್ಟುವ ತನಕ ಆ ಕೈಯನ್ನು ಸೆರಗಿನಲ್ಲಿ ಎಷ್ಟು ಒರೆಸಿಕೊಂಡರೂ ಅವಳಿಗೆ ಸಮಾಧಾನವಾಗಲಿಲ್ಲ.

ಈಗ ಅವಳು ಪೈಪು ಬಿಟ್ಟು ಸಾವ್ಕಾರ ನಿಂತಿದ್ದ ಬದುವಿಗೆ ನಡೆದಳು.

"ಸಾವ್ಕಾರ್ರ, ನಮ್ಮ ಹುಡುಗಗ ಬ್ಯಾರೆ ಕೆಲಸ ಕೊಡ್ರಿ. ಪಾತಿ ಮಾಡ್ತಾನ, ಟೊಂಗಿ ಸವರ್ತಾನ. ಗನ್ನೊಂದು ಬ್ಯಾಡ್ರಿ. ರಕ್ತದಾಗ ದಾರ ಹರ್ದಾವಂತ."

"ದಾರ? ಏನು ಲಂಗದ ಲಾಡಿ ಏನಲೇ ಅದು?" ಸಾವ್ಕಾರ ಹೊಟ್ಟೆ ಕುಣಿಸಿ ನಕ್ಕ. "ಯಾವಾಕಿನೋ ಸೂಜಿ ಚುಚ್ಚಿ ಕಿವಿ ಊದ್ಯಾಳ, ಇವ್ರು ಬಂದು ನನ್ನ ಮುಂದ ಓದ್ತಾರ! ಇದು ಔಷಧಿ ಬೇ, ಗಿಡದ ಔಷಧಿ. ಇಷ್ಟು ಜನ ಹೊಡೀತಾರ, ಎಲ್ಲಾರೂ ಸತ್ತಾರೇನು?"

"ನಮ್ಮ ಮನಿಯವ್ರು ಸತ್ರಲ್ರಿ."

"ಅವನ ಹಣೀಬರ ಅದು. ನೋಡು, ಗನ್ನು ಇಳಿಸಿದ್ರ ಇರಾಕ ಕೊಟ್ಟ ಶೆಡ್ಡು ಖಾಲಿ ಮಾಡ್ರಿ. ಬಸರಿ ಸೊಸಿ ಕರ್ಕಂಡು ರೋಡಿನಾಗ ಒಲಿ ಹೂಡು ಹೋಗು."

ಹಂಪೇಶನಿಗೆ ಕೇಳಿಸಿತ್ತು. ತುಟಿ ಕಚ್ಚಿಕೊಂಡು ಗನ್ನು ಎತ್ತಿದ. ಅವಳು ಓಡಿ ಬಂದು ಪೈಪು ಹಿಡಿದಳು. ಗಾಳಿ ತಿರುಗಿತು, ಬಿಳಿ ಹನಿಯೆಲ್ಲ ಅವನ ಮುಖಕ್ಕೇ ಬಡಿಯಿತು. ಸಾಲು ಮುಗಿಸಿ ಬಾವಿಯ ಕಡೆಗೆ ಹೊರಳಿದ್ದರಷ್ಟೆ, ಸಾವ್ಕಾರ ಪಂಚೆ ಎತ್ತಿಕೊಂಡು ಓಡಿ ಬಂದ.

"ಏಯ್, ಏಯ್! ಆ ಸಾಲಿಗೆ ಹೊಡಿಬ್ಯಾಡ್ರಲೇ! ಮನೀ ಗಿಡ ಅವು, ನನ್ನ ಮಮ್ಮಕ್ಕಳು ತಿಂತಾವ! ಒಂದು ಹನಿ ಬಿತ್ತಂದ್ರ ಚರ್ಮ ಸುಲೀತೀನಿ!"

ಅನ್ನದಾನಮ್ಮ ಪೈಪು ಕೆಳಗೆ ಹಾಕಿದಳು. ಮಗನ ಕೈಯಿಂದ ಗನ್ನು ಕಿತ್ತುಕೊಂಡಳು.

"ಯವ್ವಾ, ಏನು ಮಾಡ್ತಿ?"

"ಆ ಕಡಿ ಸರಿ. ಗಾಳಿ ಬರೋ ದಿಕ್ಕಿಗೆ ನಿಂದ್ರು."

ಬಾವಿಯ ಸಾಲಿನ ಮೊದಲ ಗಿಡ ತೊಯ್ದಿತು. ಎಲೆ, ಹೂವು, ಕೆಂಪಗೆ ಕಳಿತ ಹಣ್ಣು, ಎಲ್ಲ. ಸಾವ್ಕಾರ ಕೆಟ್ಟ ಬೈಗುಳ ಬೈಯುತ್ತ ನುಗ್ಗಿದವನು ಬಿಳಿ ಹನಿಯ ಮೋಡದ ಹತ್ತಿರ ಬಂದು ಗಕ್ಕನೆ ನಿಂತ. ಹೆಗಲ ಮೇಲಿನ ಟವೆಲ್ಲು ಅವನ ಮೂಗಿಗೆ ಹೋಯಿತು.

"ಔಷಧಿ ಅಲ್ಲೇನ್ರಿ ಸಾವ್ಕಾರ್ರ? ಮೂಗ್ಯಾಕ ಮುಚ್ಕಂತೀರಿ? ಬರ್ರಿ, ಬರ್ರಿ ಒಳಾಕ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳು ಮುಂದಿನ ಗಿಡಕ್ಕೆ ನಡೆದಳು.