ರೆಕ್ಕೆಗೆ ರೆಕ್ಕೆ

೧೯೪೦ರ ಆಗಸ್ಟ್ ೩೧, ಬೆಳಿಗ್ಗೆ ಎಂಟು ನಲವತ್ತು. ಇಂಗ್ಲೆಂಡಿನ ದಕ್ಷಿಣದಲ್ಲಿ, ಕೆಂಟ್‌ನ ಹುಲ್ಲುಮೈದಾನದಲ್ಲಿ ನಮ್ಮ ಆರು ಸ್ಪಿಟ್‌ಫೈರ್ ಯುದ್ಧವಿಮಾನಗಳು ಎಂಜಿನ್ ಬಿಸಿಮಾಡಿಕೊಳ್ಳುತ್ತಿದ್ದವು. ಉತ್ತರದಿಂದ ಬಂದಾಗ ಹನ್ನೆರಡಿದ್ದವು.

"ಶನಿವಾರ ಅಲ್ವಾ ಭಾವ, ಇವತ್ತು ನಮ್ಮನ್ನ ಯಾರೂ ಆಡ್ಕೊಳ್ಳೋ ಹಾಗಿಲ್ಲ," ಎಂದ ವಿಲ್ಫ್, ನನ್ನ ಹೆಂಡತಿಯ ತಮ್ಮ.

ಕಾಯಂ ಪಡೆಯವರಿಗೆ ನಾವು ವಾರಾಂತ್ಯದ ಪೈಲಟ್‌ಗಳು. ಸುಳ್ಳೇನಲ್ಲ. ನಮ್ಮದು ನ್ಯೂಕಾಸಲ್‌ನ ಮೀಸಲು ದಳ. ಯುದ್ಧಕ್ಕೆ ಮುಂಚೆ ವಾರವಿಡೀ ನಾನು ಬಣ್ಣದ ಕಾರ್ಖಾನೆಯಲ್ಲಿ ರಸಾಯನಶಾಸ್ತ್ರಜ್ಞ, ವಿಲ್ಫ್ ವಕೀಲರ ಗುಮಾಸ್ತ, ದಳದ ನಾಯಕ ರಿಡ್ಲಿ ಬೀರ್ ಕಾರ್ಖಾನೆಯ ಮಾಲೀಕ. ಶನಿವಾರ, ಭಾನುವಾರ ಹಾರಾಟ. ವರ್ಷಕ್ಕೊಮ್ಮೆ ಊರಿನವರೆದುರು ಮೂರು ಮೂರು ವಿಮಾನ ಜೋಡಿಸಿಕೊಂಡು ಹಾರುತ್ತಿದ್ದೆವು, ರೆಕ್ಕೆಗೂ ರೆಕ್ಕೆಗೂ ಆರಡಿ. ಜನ ಟೋಪಿ ತೂರುತ್ತಿದ್ದರು. ಆ ಆರಡಿಯನ್ನೇ ಯುದ್ಧಕ್ಕೂ ತಂದಿದ್ದೆವು.

"ದೂರ ದೂರ ಹಾರೋಣ ಕಣಯ್ಯ," ಎಂದೆ ರಿಡ್ಲಿಗೆ. "ಎಲ್ಲರೂ ನಿನ್ನ ರೆಕ್ಕೇನೇ ನೋಡ್ತಿದ್ರೆ ಹಿಂದಿಂದ ಬರೋನನ್ನ ನೋಡೋರ್ಯಾರು?"

"ಚದುರಿ ಹಾರೋಕೆ ಕಾಗೆಗಳೇನೋ ನಾವು? ಕಾಯಂನೋರು ಹಲ್ಲು ಕಿರೀಲಿ ಅಂತಲಾ?"

ವಿಲ್ಫ್ ನಕ್ಕ. ನನಗೆ ನಗು ಬರಲಿಲ್ಲ. ಊರು ಬಿಡುವಾಗ ನನ್ನ ಹೆಂಡತಿ ಹೇಳಿದ್ದು ಒಂದೇ ಮಾತು: "ನೀವು ಬರ್ತೀರಿ, ಗೊತ್ತು. ಅವನನ್ನ ಕರ್ಕೊಂಡು ಬನ್ನಿ."

ಹದಿನೆಂಟು ಸಾವಿರ ಅಡಿ ಎತ್ತರ. ನಡುವೆ ರಿಡ್ಲಿ, ಬಲಕ್ಕೆ ನಾನು, ಎಡಕ್ಕೆ ವಿಲ್ಫ್. ಉಳಿದ ಮೂವರು ನಮ್ಮ ಹಿಂದೆ. ರಿಡ್ಲಿಯ ರೆಕ್ಕೆಯಿಂದ ಕಣ್ಣು ಕಿತ್ತು ಹಿಂತಿರುಗಿ ನೋಡಿದೆ. ಹಿಂದಿದ್ದ ಎರಡು ವಿಮಾನ ಆಗಲೇ ಉರಿಯುತ್ತ ಬೀಳುತ್ತಿದ್ದವು. ಮೂರನೆಯವನಾದ ಹೆರನ್ ಮಗುಚಿಕೊಂಡು ತಪ್ಪಿಸಿಕೊಳ್ಳುತ್ತಿದ್ದ. ಸೂರ್ಯನ ಕಡೆಯಿಂದ ಹಳದಿ ಮೂತಿಯ ನಾಲ್ಕು ಜರ್ಮನ್ ವಿಮಾನಗಳು ಎರಗುತ್ತಿದ್ದವು.

"ವಿಲ್ಫ್, ಹಿಂದಿದಾರೆ! ಎಡಕ್ಕೆ ತಿರುಗೋ!"

"ಜಾಗ ಬಿಡಬೇಡಿ!" ರೇಡಿಯೋದಲ್ಲಿ ರಿಡ್ಲಿಯ ಕೂಗು. "ಹತ್ತಿರ ಬನ್ನಿ!"

ನಾನು ಬಲಕ್ಕೆ ಹೊರಳಿದೆ. ವಿಲ್ಫ್ ನಾಯಕನ ಮಾತು ಕೇಳಿದ. ಇನ್ನಷ್ಟು ಹತ್ತಿರ ಸರಿದ.

ಗುಂಡುಗಳು ರಿಡ್ಲಿಯ ಬೆನ್ನ ಹಿಂದಿನಿಂದ ನುಗ್ಗಿ ಗಾಜಿನ ಒಳಮೈಯನ್ನೆಲ್ಲ ಕೆಂಪಾಗಿಸಿದವು. ಹಿಡಿದವರಿಲ್ಲದ ವಿಮಾನ ಎಡಕ್ಕೆ ವಾಲಿತು. ಅದರ ಪ್ರೊಪೆಲರ್ ವಿಲ್ಫ್‌ನ ರೆಕ್ಕೆಯನ್ನು ಬುಡದಲ್ಲೇ ಕತ್ತರಿಸಿತು. ಪೆಟ್ರೋಲ್ ಹೊತ್ತಿಕೊಂಡಿತು. ಅವನು ಎರಡೂ ಕೈಯಿಂದ ಗಾಜಿನ ಮುಚ್ಚಳ ಬಡಿಯುವುದು ಕಾಣಿಸಿತು. ಅದು ತೆರೆಯಲಿಲ್ಲ. "ಭಾವ" ಅಂದದ್ದು ಪೂರ್ತಿ ಕೇಳಿಸಿತು. ಆಮೇಲಿನದು ಮಾತಾಗಿರಲಿಲ್ಲ.

ಹೊಡೆದವನು ನನ್ನ ಮುಂದೆಯೇ ಮೇಲೇರಿದ. ಅವನ ತಲೆ ಕಾಣುವಷ್ಟು ಹತ್ತಿರ ಹೋದೆ. ಅದು ಮುಂದಕ್ಕೆ ಜೋತುಬಿದ್ದ ಮೇಲೂ ಗುಂಡಿಯಿಂದ ಬೆರಳು ತೆಗೆಯಲಿಲ್ಲ. ಮದ್ದು ಮುಗಿದಾಗ ರೆಕ್ಕೆಗಳಲ್ಲಿದ್ದ ಎಂಟೂ ಬಂದೂಕು ತಾವಾಗಿಯೇ ನಿಂತವು.

ಮಧ್ಯಾಹ್ನ ಮತ್ತೆ ಕರೆ ಬಂತು. ಉಳಿದಿದ್ದವರು ನಾನು, ಹೆರನ್. ಈಗ ನಾನೇ ನಾಯಕ. ಮೋಡ ದಾಟುತ್ತಲೇ ಹೆರನ್ ಅಭ್ಯಾಸದಂತೆ ನನ್ನ ರೆಕ್ಕೆಗೆ ಅಂಟಿಕೊಂಡ. ಅವನ ಹಣೆಯ ಬೆವರು ಕಾಣುತ್ತಿತ್ತು.

"ದೂರ ಹೋಗು," ಎಂದೆ.

ತುಸು ಸರಿದ. "ಸಾಕಾ?"

"ಇನ್ನೂ."

"ಒಬ್ಬನೇ ಇದ್ದ ಹಾಗಾಗುತ್ತಲ್ಲೋ."

"ಆಗಲಿ. ನನ್ನನ್ನ ನೋಡಬೇಡ, ನನ್ನ ಬೆನ್ನ ಹಿಂದೆ ನೋಡು."

ಅವನ ಮುಖ ಮಸುಕಾಯಿತು, ಆಮೇಲೆ ಕಾಣದಾಯಿತು. ಬಂದೂಕಿನ ಗುರಿಗಾಜಿನ ಗೆರೆಗಳಿಗೆ ಶತ್ರುವನ್ನು ಹೊಂದಿಸಿ ದೂರ ಲೆಕ್ಕಹಾಕುವಂತೆ ಅವನ ವಿಮಾನವನ್ನು ಕಣ್ಣಲ್ಲೇ ಅಳೆದು, ಅಲ್ಲೇ ಇರು ಎಂದೆ. ನಮ್ಮ ನಡುವೆ ಇನ್ನೂರು ಗಜ.